ಸ್ವಿಚ್ ಕೆಟ್ಟರೂ ಲಾರಿ ನಿಲ್ಲಬಾರದು

ತೊಗರಿ ಹಂಗಾಮಿನಲ್ಲಿ ಕಲಬುರಗಿಯ ದಾಲ್ ಮಿಲ್ ಒಂದರ ನೆಟ್‌ವರ್ಕ್ ಅರ್ಧ ಗಂಟೆ ಕೈಕೊಟ್ಟರೆ ಸಾಕು, ವೇ ಬ್ರಿಡ್ಜ್ ಮುಂದೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ತೂಕ ಕಚೇರಿಗೆ ತಲುಪದಿದ್ದರೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಗೇಟು ತೆರೆಯುವುದಿಲ್ಲ. ಕಾರಣ ಹುಡುಕಿದರೆ ಎಲ್ಲ ತಂತಿಗಳೂ ಹೋಗಿ ಸೇರಿದ ಒಂದೇ ಒಂದು ಸ್ವಿಚ್, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ.

ಮೊದಲು ಹಾಳೆಯ ಮೇಲೆ ನಕ್ಷೆ ಬರೆಯಿರಿ: ವೇ ಬ್ರಿಡ್ಜ್, ಕಚೇರಿ, ಗೋದಾಮು, ಕ್ಯಾಮೆರಾ. ಒಂದೊಂದರ ಮೇಲೂ ಬೆರಳಿಟ್ಟು ‘ಇದು ಕೆಟ್ಟರೆ ಏನೇನು ನಿಲ್ಲುತ್ತದೆ’ ಎಂದು ಕೇಳಿಕೊಳ್ಳಿ.

ಇನ್ನು ಮುಖ್ಯ ಸ್ವಿಚ್ ಎರಡಾಗಲಿ. ಗೋದಾಮಿನ ಸಣ್ಣ ಸ್ವಿಚ್‌ನಿಂದ ಎರಡಕ್ಕೂ ಒಂದೊಂದು ತಂತಿ ಹೋಗಲಿ. ಎಡವುವುದು ಇಲ್ಲಿಯೇ. ನಾನು ಕಂಡ ಒಂದು ಮಿಲ್ಲಿನಲ್ಲಿ ಹೊಸ ಸ್ವಿಚ್‌ಗಳೆರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರು. ಮೇ ತಿಂಗಳ ಬಿಸಿಲಿಗೆ ಬ್ಯಾಟರಿ ಸತ್ತಿತ್ತು. ಕರೆಂಟು ಹೋದೊಡನೆ ಎರಡೂ ಒಟ್ಟಿಗೇ ಆರಿದವು. ಆದ್ದರಿಂದ ಯುಪಿಎಸ್ ಬೇರೆ, ಕೋಣೆ ಬೇರೆ, ತಂತಿ ಹೋಗುವ ಪೈಪೂ ಬೇರೆ ಇರಲಿ. ಒಂದೇ ಪೈಪಿನಲ್ಲಿ ಎರಡು ತಂತಿ ಎಳೆದರೆ ಇಲಿಗೆ ಒಂದೇ ಊಟದಲ್ಲಿ ಎರಡೂ ಸಿಗುತ್ತವೆ. ತಾಮ್ರದ ತಂತಿಯ ಮಿತಿ 100 ಮೀಟರ್. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ, ಸಿಡಿಲಿನ ಹೊಡೆತ ಗಾಜಿನ ಎಳೆಯಲ್ಲಿ ಹರಿಯದು.

ಎರಡು ದಾರಿ ಕೊಟ್ಟಾಗ ಹೊಸ ಅಪಾಯವೊಂದು ಹುಟ್ಟುತ್ತದೆ. ತಂತಿಯಲ್ಲಿ ಸಾಗುವ ಮಾಹಿತಿಯ ಕಟ್ಟಿಗೆ, ಅಂದರೆ ಈಥರ್ನೆಟ್ ಫ್ರೇಮಿಗೆ, ಆಯಸ್ಸಿನ ಲೆಕ್ಕವಿಲ್ಲ. ದಾರಿ ಉಂಗುರವಾದರೆ ಅದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ, ಸುತ್ತುವವು ಹೆಚ್ಚಿ ಇಡೀ ಜಾಲ ಕಟ್ಟಿಹೋಗುತ್ತದೆ. ಇದಕ್ಕೆ ಮದ್ದು ಸ್ಪ್ಯಾನಿಂಗ್ ಟ್ರೀ. ರಾಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಈ ವಿಧಾನ ಹೆಚ್ಚುವರಿ ದಾರಿಯನ್ನು ಮುಚ್ಚಿಟ್ಟು, ಬೇಕಾದಾಗ ತೆರೆಯುತ್ತದೆ. ಹಳೆಯ ರೂಪಕ್ಕೆ 30ರಿಂದ 50 ಸೆಕೆಂಡು ಹಿಡಿಯುತ್ತಿತ್ತು; 2001ರ ರ‍್ಯಾಪಿಡ್ ರೂಪಕ್ಕೆ ಸಾಮಾನ್ಯವಾಗಿ ಒಂದೆರಡು ಸೆಕೆಂಡು ಸಾಕು. ಸೆಟ್ಟಿಂಗ್ ಬದಲಿಸಲಾಗದ ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಮ್ಯಾನೇಜ್ಡ್ ಸ್ವಿಚ್ಚನ್ನೇ ಕೊಳ್ಳಿ, ಇಲ್ಲಿ ಜುಗ್ಗತನ ಬೇಡ.

ರೂಟ್, ಅಂದರೆ ಎಲ್ಲ ದಾರಿಗಳ ಬುಡವಾಗುವ ಸ್ವಿಚ್, ಯಾವುದೆಂಬುದನ್ನು ನೀವೇ ತೀರ್ಮಾನಿಸಿ. ಈ ಆಯ್ಕೆಗೆ ನೋಡುವ ಪ್ರಯಾರಿಟಿ ಅಂಕಿ ಸಾಮಾನ್ಯವಾಗಿ ಎಲ್ಲದರಲ್ಲೂ 32768 ಎಂದೇ ಬಂದಿರುತ್ತದೆ, ಕಡಿಮೆ ಅಂಕಿಗೆ ಗೆಲುವು. ಮುಖ್ಯ ಸ್ವಿಚ್‌ಗೆ 4096, ಜೋಡಿಗೆ 8192 ಕೊಡಿ. ಹಾಗೇ ಬಿಟ್ಟರೆ ತಯಾರಾಗುವಾಗಲೇ ಕೊಟ್ಟ ಗುರುತಿನ ಸಂಖ್ಯೆ, ಅಂದರೆ ಮ್ಯಾಕ್ ವಿಳಾಸ, ಚಿಕ್ಕದಿರುವುದು ಗೆಲ್ಲುತ್ತದೆ. ಎಷ್ಟೋ ಸಲ ಅದು ಗೋದಾಮಿನ ಮೂಲೆಯಲ್ಲಿ ಬೇಳೆಯ ದೂಳು ಕುಡಿಯುತ್ತಿರುವ ಹಳೆಯ ಪೆಟ್ಟಿಗೆಯೇ ಆಗಿರುತ್ತದೆ.

ವೇ ಬ್ರಿಡ್ಜ್ ಕಂಪ್ಯೂಟರಿಗೆ ಒಂದೇ ತಂತಿ, ಒಂದೇ ಸಣ್ಣ ಸ್ವಿಚ್. ಅಲ್ಲಿ ಜೋಡಿ ಹಾಕುವುದು ಕಷ್ಟ. ಸೆಟ್ಟಿಂಗ್ ತುಂಬಿಸಿಟ್ಟ ಇನ್ನೊಂದು ಸ್ವಿಚ್ ಕಪಾಟಿನಲ್ಲಿರಲಿ. ಸರಕು ಸಾಗಣೆಯ ಇ-ವೇ ಬಿಲ್ಲಿಗೆ ಇಂಟರ್ನೆಟ್ ಬೇಕಾದ್ದರಿಂದ ಬೇರೆ ಕಂಪನಿಯ ಎರಡನೇ ಲೈನೂ ಬೇಕು.

ಹಂಗಾಮಿಗೆ ಮೊದಲೇ, ಮಿಲ್ಲಿಗೆ ರಜೆಯಿರುವ ದಿನ, ಆಚೆಯ ಕಂಪ್ಯೂಟರ್ ಉತ್ತರಿಸುತ್ತಿದೆಯೇ ಎಂದು ಕೇಳುತ್ತಲೇ ಇರುವ ಪಿಂಗ್ ಓಡುತ್ತಿರುವಾಗಲೇ ಮುಖ್ಯ ಸ್ವಿಚ್‌ನ ಪ್ಲಗ್ ಕಿತ್ತು ಗಡಿಯಾರ ನೋಡಿ. ಅರ್ಧ ನಿಮಿಷ ಕಳೆದರೂ ಉತ್ತರ ಬಾರದಿದ್ದರೆ ಎಲ್ಲೋ ಒಂದು ಸ್ವಿಚ್ ಹಳೆಯ ರೂಪದಲ್ಲೇ ಇರಬಹುದು. ಇನ್ನೊಂದು ಮಾತು: ಜೋಡಿ ದಾರಿಯಲ್ಲಿ ಮೊದಲ ತಂತಿ ಕಡಿದದ್ದು ಯಾರ ಗಮನಕ್ಕೂ ಬರುವುದಿಲ್ಲ, ಕೆಲಸ ನಡೆದೇ ಇರುತ್ತದೆ. ಪ್ರತಿ ಸೋಮವಾರ ಗುಮಾಸ್ತರು ಗೋದಾಮಿನ ಸ್ವಿಚ್‌ನಲ್ಲಿ ಎರಡು ದೀಪಗಳೂ ಉರಿಯುತ್ತಿವೆಯೇ ಎಂದು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.