ವಿದ್ಯಾರ್ಥಿಗಳ ಮನೆಯಲ್ಲಿ ಕೆಲಸಕ್ಕೆ ಹೋಗುವವರೊಬ್ಬರಿದ್ದರೆ: ಕೌನ್ಸಿಲ್ ಟ್ಯಾಕ್ಸ್ ಎಷ್ಟು, ಯಾರ ಹೆಸರಿಗೆ?

ಇಂಗ್ಲೆಂಡಿನಲ್ಲಿ ಓದು ಮುಗಿಸಿ ಗ್ರಾಜುಯೇಟ್ ವೀಸಾ ಮೇಲೆ ಕೆಲಸಕ್ಕೆ ಸೇರಿದ ನಮ್ಮವರಲ್ಲಿ ಹಲವರು ಹಳೆಯ ಸ್ನೇಹಿತರ ಜೊತೆಗೇ ಮನೆ ಮಾಡುತ್ತಾರೆ. ಸ್ನೇಹಿತರು ಇನ್ನೂ ವಿದ್ಯಾರ್ಥಿಗಳು, ಇವರು ಮಾತ್ರ ಅಲ್ಲ. ಅಲ್ಲಿಯವರೆಗೆ ಸೊನ್ನೆಯಿದ್ದ ಕೌನ್ಸಿಲ್ ಟ್ಯಾಕ್ಸ್ (ಕೌನ್ಸಿಲ್ ಎಂಬ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಈ ಒಬ್ಬರಿಂದಾಗಿ ಒಮ್ಮೆಲೇ ಮುಕ್ಕಾಲು ಪಾಲಿಗೆ ಏರುತ್ತದೆ. ಮೂವರು ವಿದ್ಯಾರ್ಥಿಗಳ ಜೊತೆ ಇದ್ದಾಗ ನಾನು ಬಿಲ್ ಸರಿಮಾಡಿಸಿಕೊಂಡ ಕ್ರಮವನ್ನೂ, ಆಮೇಲೆ ಬೇರೆಯವರ ಕಾಗದಪತ್ರ ನೋಡುವಾಗ ಎದುರಾದ ತೊಡಕುಗಳನ್ನೂ ಬರೆಯುತ್ತಿದ್ದೇನೆ. ಊರಿನಲ್ಲಿ ಮನೆ ಕಂದಾಯ ಕಟ್ಟುವವರು ಓನರ್. ಇಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರೇ ಕಟ್ಟಬೇಕು ಎನ್ನುವುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಕಾನೂನು 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಆಕ್ಟ್. ಅದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ: ಬಿಲ್ ಎಷ್ಟು, ಕಟ್ಟಬೇಕಾದವರು ಯಾರು. ಮೊದಲನೆಯದಕ್ಕೆ ತಲೆ ಎಣಿಸುತ್ತಾರೆ, ಎರಡನೆಯದಕ್ಕೆ ಬಾಡಿಗೆ ಕರಾರು ನೋಡುತ್ತಾರೆ. ಮನೆಯೊಳಗಿನ ಜಗಳಗಳಲ್ಲಿ ಹೆಚ್ಚಿನವು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತವೆ.

ಬಿಲ್ ಎಷ್ಟು ಎನ್ನುವುದು ಸುಲಭ. ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ 'ಕ್ಲಾಸ್ ಎನ್' ವಿನಾಯಿತಿ, ಏನೂ ಕಟ್ಟಬೇಕಿಲ್ಲ. ವಿದ್ಯಾರ್ಥಿಯಲ್ಲದವರು ಒಬ್ಬರಿದ್ದರೆ ಶೇ. 25 ರಿಯಾಯಿತಿ. ಇಬ್ಬರಾದರೆ ರಿಯಾಯಿತಿಯೇ ಇಲ್ಲ. ವಿದ್ಯಾರ್ಥಿಗಳು ಇಬ್ಬರಿರಲಿ, ಆರು ಮಂದಿ ಇರಲಿ, ಲೆಕ್ಕ ಬದಲಾಗದು. ನಾಲ್ವರ ಮನೆಯಲ್ಲಿ ತನ್ನ ಪಾಲು ಕಾಲು ಭಾಗ ಎಂದು ಲೆಕ್ಕ ಹಾಕಿಕೊಂಡು ಬರುವವರಿಗೆ ಇದೇ ಮೊದಲ ಪೆಟ್ಟು.

ಮನೆಯ ಬ್ಯಾಂಡ್, ಅಂದರೆ ತೆರಿಗೆಯ ದರ್ಜೆ, ಸರ್ಕಾರಿ ವೆಬ್‌ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಇಂದಿಗೂ 1991ರ ಏಪ್ರಿಲ್ 1ರ ಬೆಲೆಯ ಆಧಾರದಲ್ಲೇ ಎ ಇಂದ ಎಚ್‌ವರೆಗೆ ಬ್ಯಾಂಡ್ ಕೊಟ್ಟಿದ್ದಾರೆ. ಬ್ಯಾಂಡ್ ಡಿ ಒಂಬತ್ತು ಪಾಲು ಎಂದರೆ ಎ ಆರು, ಬಿ ಏಳು, ಸಿ ಎಂಟು ಪಾಲು. 2025-26ರಲ್ಲಿ ಬ್ಯಾಂಡ್ ಡಿ ಸರಾಸರಿ 2,280 ಪೌಂಡ್ ಇತ್ತು. ಊರೂರಿಗೆ ವ್ಯತ್ಯಾಸ ಬಹಳ, ಹಾಗಾಗಿ ನಿಮ್ಮ ಕೌನ್ಸಿಲ್‌ನ ಪಟ್ಟಿಯನ್ನೇ ನೋಡಿ. ಮನೆ ನೋಡಲು ಹೋಗುವ ಮೊದಲೇ ನಾನು ಈ ಅಂಕಿಯನ್ನು ಬಾಡಿಗೆಯ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.

ವರ್ಷಕ್ಕೆ 2,000 ಪೌಂಡ್ ಇರುವ ಮನೆ ಎಂದಿಟ್ಟುಕೊಳ್ಳಿ. ಒಬ್ಬರೇ ವಿದ್ಯಾರ್ಥಿಯಲ್ಲದವರಾದರೆ ವರ್ಷಕ್ಕೆ 1,500. ಬಿಲ್ ದಿನದ ಲೆಕ್ಕದಲ್ಲಿ ಬರುತ್ತದೆ. ಅಕ್ಟೋಬರ್ 1ಕ್ಕೆ ಸೇರಿದರೆ ಮಾರ್ಚ್ 31ರವರೆಗೆ 182 ದಿನ, ಅಂದರೆ ಸುಮಾರು 748 ಪೌಂಡ್. ವರ್ಷದ ನಡುವೆ ಸೇರಿದವರಿಗೆ ಕಂತುಗಳು ಕಡಿಮೆ ಸಿಗುತ್ತವೆ. ಐದು ಕಂತಾದರೆ ತಿಂಗಳಿಗೆ 150ರ ಹತ್ತಿರ. ಅದೇ ಮನೆಗೆ ಕೆಲಸಕ್ಕೆ ಹೋಗುವ ಇನ್ನೊಬ್ಬರು ಸೇರಿದರೆ ಒಟ್ಟು 997 ಆಗುತ್ತದೆ, ಆದರೆ ತಲಾ 499 ಅಷ್ಟೇ. ರೂಮ್ ಖಾಲಿಯಿದ್ದಾಗ ನೆನಪಿರಬೇಕಾದ ಅಂಕಿ ಇದು: ವಿದ್ಯಾರ್ಥಿಯನ್ನು ಸೇರಿಸಿಕೊಂಡರೆ ರಿಯಾಯಿತಿ ಉಳಿಯುತ್ತದೆ, ಕೆಲಸಕ್ಕೆ ಹೋಗುವವರನ್ನು ಸೇರಿಸಿಕೊಂಡರೆ ನಿಮ್ಮ ಹೊರೆ ಇಳಿಯುತ್ತದೆ.

ಇನ್ನು ಯಾರು ಕಟ್ಟಬೇಕು. ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ ಒಂದು ಶ್ರೇಣಿಯಿದೆ: ಮನೆಯಲ್ಲೇ ವಾಸವಿರುವ ಮಾಲೀಕರು, ಅವರ ಕೆಳಗೆ ಬಾಡಿಗೆದಾರರು, ಅವರ ಕೆಳಗೆ ಕರಾರಿಲ್ಲದೆ ಸುಮ್ಮನೆ ವಾಸವಿರುವವರು. ಶ್ರೇಣಿಯಲ್ಲಿ ಮೇಲಿರುವವರ ಹೆಸರಿಗೆ ಬಿಲ್. ಒಂದೇ ಮೆಟ್ಟಿಲಲ್ಲಿ ಹಲವರಿದ್ದರೆ ಎಲ್ಲರೂ ಜಂಟಿಯಾಗಿ ಹೊಣೆ. ಅದಕ್ಕೆ ಒಂದು ಅಪವಾದವುಂಟು. 2004ರ ಏಪ್ರಿಲ್‌ನಿಂದ, ಅದೇ ಮೆಟ್ಟಿಲಲ್ಲಿ ವಿದ್ಯಾರ್ಥಿಯಲ್ಲದವರೂ ಇದ್ದರೆ ವಿದ್ಯಾರ್ಥಿಗಳನ್ನು ಹೊಣೆಯಿಂದ ಬಿಟ್ಟಿದ್ದಾರೆ. ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ, ಮೂವರು ವಿದ್ಯಾರ್ಥಿಗಳ ಹೆಸರು ಬಿಲ್ಲಿನಲ್ಲಿ ಇರಕೂಡದು. ಕೆಲಸದಲ್ಲಿರುವ ಒಬ್ಬರೇ ಹೊಣೆ. ವಿದ್ಯಾರ್ಥಿಗಳು ಪಾಲು ಕೊಡಲೇಬೇಕೆಂಬ ಕಾನೂನಿಲ್ಲ. ಕೊಡುವುದಾದರೆ ಅದು ಮನೆಯಲ್ಲಿರುವವರ ನಡುವಿನ ಒಪ್ಪಂದ, ಕೌನ್ಸಿಲ್‌ಗೆ ಸಂಬಂಧವಿಲ್ಲ. ಆ ಮಾತು ಸಹಿಗೆ ಮೊದಲೇ ಆಗಬೇಕು, ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಕ್ಷರದಲ್ಲಿ ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಹುಡುಗರಿಂದ ಪಾಲು ಕೇಳುವುದು ನ್ಯಾಯವಲ್ಲ. ನೀವಿಲ್ಲದಿದ್ದರೆ ಅವರಿಗೆ ಖರ್ಚೇ ಇರಲಿಲ್ಲ. ಅದರ ಬದಲು ಚಿಕ್ಕ ರೂಮ್ ತೆಗೆದುಕೊಂಡು ಬಾಡಿಗೆ ಕಡಿಮೆ ಮಾಡಿಸಿಕೊಳ್ಳಿ.

ಈ ರಕ್ಷಣೆ ಒಂದೇ ಮೆಟ್ಟಿಲಲ್ಲಿರುವವರಿಗೆ ಮಾತ್ರ. ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. ಕರಾರು ಒಬ್ಬ ವಿದ್ಯಾರ್ಥಿಯ ಹೆಸರಲ್ಲಿ ಮಾತ್ರ ಇದೆ, ಕೆಲಸ ಸಿಕ್ಕ ಸ್ನೇಹಿತ ಹೆಸರು ಸೇರಿಸದೆ ಒಂದು ರೂಮಿನಲ್ಲಿ ಉಳಿದಿದ್ದಾನೆ. 'ನಮ್ಮವನೇ ಅಲ್ವಾ, ಇರಲಿ ಬಿಡು' ಎಂದು ಇಟ್ಟುಕೊಂಡ ಮನೆ. ಅಲ್ಲಿ ವಿನಾಯಿತಿ ಹೋಗುತ್ತದೆ, ಶೇ. 75ರ ಬಿಲ್ ಬರುತ್ತದೆ, ಮತ್ತು ಅದು ಬರುವುದು ಬಾಡಿಗೆದಾರನಾದ ವಿದ್ಯಾರ್ಥಿಯ ಹೆಸರಿಗೆ. ಅವನು ಮೇಲಿನ ಮೆಟ್ಟಿಲಲ್ಲಿ ಒಬ್ಬನೇ ಇದ್ದಾನೆ, ಆದ್ದರಿಂದ ಅಪವಾದ ಅನ್ವಯಿಸದು. ಪರಿಹಾರ: ಓನರ್ ಅಥವಾ ಏಜೆಂಟ್ ಒಪ್ಪಿಗೆಯಿಂದ ಕೆಲಸದಲ್ಲಿರುವವರ ಹೆಸರನ್ನೂ ಕರಾರಿಗೆ ಸೇರಿಸಿ. ಬೇರೆ ಕಡೆ ಖಾಯಂ ಮನೆಯಿದ್ದು ಎರಡು ವಾರಕ್ಕೆ ಬಂದ ಅತಿಥಿ ಈ ಲೆಕ್ಕಕ್ಕೆ ಬರುವುದಿಲ್ಲ.

ರೂಮಿಗೊಂದು ಕರಾರು ಇರುವ ಮನೆಗಳ ಕಥೆ ಬೇರೆ. ಅಲ್ಲಿ ಕೌನ್ಸಿಲ್ ಟ್ಯಾಕ್ಸ್ ಹೊಣೆ ಓನರ್‌ನದು. 2023ರ ಡಿಸೆಂಬರ್‌ನಿಂದ ಇಂಗ್ಲೆಂಡಿನಲ್ಲಿ ಇಂಥ ಎಚ್‌ಎಂಒ (ಹಲವರು ಬೇರೆ ಬೇರೆಯಾಗಿ ಬಾಡಿಗೆಗಿರುವ) ಮನೆಗಳಿಗೆ ರೂಮುವಾರು ಅಲ್ಲ, ಇಡೀ ಮನೆಗೆ ಒಂದೇ ಬ್ಯಾಂಡ್. ಆದರೆ ವಿದ್ಯಾರ್ಥಿಯಲ್ಲದವರು ಸೇರಿದರೆ ಹೆಚ್ಚುವರಿ ತೆರಿಗೆ ಅವರಿಂದಲೇ ವಸೂಲಿ ಎಂಬ ಷರತ್ತು ಕರಾರಿನಲ್ಲಿ ಇರಬಹುದು. ಸಹಿಗೆ ಮೊದಲು ಆ ಸಾಲನ್ನು ಹುಡುಕಿ. ಕರಾರು ನೋಡಿದ ಮೇಲೂ ಅನುಮಾನ ಉಳಿದರೆ, ಈ ವಿಳಾಸವನ್ನು ಎಚ್‌ಎಂಒ ಎಂದು ಪರಿಗಣಿಸಿದ್ದೀರಾ ಎಂದು ಕೌನ್ಸಿಲ್‌ಗೇ ಇಮೇಲ್ ಹಾಕಿ ಕೇಳಿ.

ನಾನು ಮಾಡಿದ ಕೆಲಸದ ಕ್ರಮ ಹೀಗೆ. ಮನೆಗೆ ಬಂದ ವಾರದಲ್ಲೇ ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಮನೆ ಬದಲಾವಣೆಯ ಅರ್ಜಿ ತುಂಬಿದೆ, ನಾಲ್ವರ ಹೆಸರನ್ನೂ ಕೊಟ್ಟು ಯಾರು ವಿದ್ಯಾರ್ಥಿ, ಯಾರು ಅಲ್ಲ ಎಂದು ತಿಳಿಸಿದೆ. ಅದರ ಜೊತೆಗೆ ರಿಯಾಯಿತಿಯ ಅರ್ಜಿ ಪ್ರತ್ಯೇಕ. ಮೊದಲನೆಯದು ತುಂಬಿದ ಮಾತ್ರಕ್ಕೆ ರಿಯಾಯಿತಿ ತಾನಾಗಿ ಬರುತ್ತದೆಂದು ಕೂರಬೇಡಿ. ಮೂವರ ಸ್ಟೂಡೆಂಟ್ ಸರ್ಟಿಫಿಕೇಟ್ ಲಗತ್ತಿಸಬೇಕು. ಆಫರ್ ಲೆಟರ್, ಐಡಿ ಕಾರ್ಡ್ ಸಾಲದು. ಕೇಳಿದರೆ ವಿಶ್ವವಿದ್ಯಾಲಯ ಕೊಡಲೇಬೇಕಾದ ಪತ್ರವದು, ಸಾಮಾನ್ಯವಾಗಿ ವಿದ್ಯಾರ್ಥಿಯ ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಬಹುದು. ಅದರಲ್ಲಿ ಮೂರು ಸಂಗತಿ ನೋಡಿಕೊಳ್ಳಿ: ಪೂರ್ಣಾವಧಿ ಎಂಬ ಪದ, ಕೋರ್ಸ್ ಶುರುವಾಗುವ ದಿನ, ಮುಗಿಯುವ ದಿನ. ನಿಯಮದ ಪ್ರಕಾರ ಕೋರ್ಸ್ ಕನಿಷ್ಠ ಒಂದು ಶೈಕ್ಷಣಿಕ ವರ್ಷದ್ದಾಗಿರಬೇಕು, ವರ್ಷಕ್ಕೆ ಕನಿಷ್ಠ 24 ವಾರ, ವಾರಕ್ಕೆ ಸರಾಸರಿ 21 ಗಂಟೆ ಓದು. ವಿದ್ಯಾರ್ಥಿ ಅಂಗಡಿಯಲ್ಲಿ ಪಾರ್ಟ್‌ಟೈಮ್ ದುಡಿದರೂ ವಿದ್ಯಾರ್ಥಿಯೇ. ಪಾರ್ಟ್‌ಟೈಮ್ ಕೋರ್ಸಿನವರು ಮಾತ್ರ ಅಲ್ಲ.

ಬಿಲ್ ಬಂದಾಗ ಮೊದಲು ಮೇಲ್ಗಡೆಯ ಹೆಸರುಗಳನ್ನು ಓದಿ, ಆಮೇಲೆ ರಿಯಾಯಿತಿಯ ಸಾಲು, ಆಮೇಲೆ ದಿನಾಂಕ. ವಿದ್ಯಾರ್ಥಿಯ ಹೆಸರು ಸೇರಿದ್ದರೆ 'ಸೆಕ್ಷನ್ 6(4) ಪ್ರಕಾರ ಇವರು ಜಂಟಿ ಹೊಣೆಗಾರರಲ್ಲ, ಹೆಸರು ತೆಗೆದು ಹೊಸ ಬಿಲ್ ಕಳಿಸಿ' ಎಂದು ಖಾತೆ ಸಂಖ್ಯೆ ಹಾಕಿ ಬರೆಯಿರಿ. ಹತ್ತು ಕಂತಿನ ಬದಲು ಹನ್ನೆರಡು ಬೇಕೆಂದರೆ ಕೇಳಿ ಮಾಡಿಸಿಕೊಳ್ಳಬಹುದು.

ದಿನಾಂಕಗಳ ವಿಷಯದಲ್ಲೇ ಹಣ ಸೋರುವುದು. ಕೋರ್ಸ್ ಸೆಪ್ಟೆಂಬರ್ 23ಕ್ಕೆ ಶುರು, ಹುಡುಗ ಬೆಂಗಳೂರಿನಿಂದ 5ಕ್ಕೇ ಬಂದಿಳಿದ ಎಂದರೆ ನಡುವಿನ 18 ದಿನ ಅವನು ವಿದ್ಯಾರ್ಥಿಯಲ್ಲ. ಒಂದು ಕೋರ್ಸಿನ ವರ್ಷಗಳ ನಡುವಿನ ಬೇಸಿಗೆ ರಜೆಗೆ ತೊಂದರೆಯಿಲ್ಲ. ಒಂದು ಕೋರ್ಸ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಅವಧಿಗೆ ರಕ್ಷಣೆಯಿಲ್ಲ. ಜೂನ್ 20ಕ್ಕೆ ಕೋರ್ಸ್ ಮುಗಿದ ಒಬ್ಬರು ಆಗಸ್ಟ್ 31ರವರೆಗೆ ಮನೆಯಲ್ಲೇ ಇದ್ದರೆ 72 ದಿನ ಮನೆಯಲ್ಲಿ ವಿದ್ಯಾರ್ಥಿಯಲ್ಲದವರು ಇಬ್ಬರು. ಮೇಲಿನ ಮನೆಯ ಲೆಕ್ಕದಲ್ಲಿ ಆ ಅವಧಿಯ ಬಿಲ್ ಸುಮಾರು 296ರಿಂದ 395 ಪೌಂಡ್‌ಗೆ ಏರುತ್ತದೆ, ಇಬ್ಬರೂ ಜಂಟಿ ಹೊಣೆ. ಅವರು ಊರಿಗೆ ಹೊರಟುಹೋದರೆ ಕೌನ್ಸಿಲ್ ಪೂರ್ತಿ ಹಣವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ಹಾಗಾಗಿ ಮೂವರ ಕೋರ್ಸ್ ಮುಗಿಯುವ ದಿನಗಳನ್ನು ಮೊದಲೇ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ರಿಯಾಯಿತಿಗೆ ಸಂಬಂಧಿಸಿದ ಬದಲಾವಣೆಯನ್ನು 21 ದಿನದೊಳಗೆ ತಿಳಿಸಬೇಕು, ತಪ್ಪಿದರೆ 70 ಪೌಂಡ್ ದಂಡ ಹಾಕುವ ಅಧಿಕಾರ ಕೌನ್ಸಿಲ್‌ಗಿದೆ.

ವೀಸಾ ಮೇಲಿರುವವರು ಕಣ್ಣಿಟ್ಟು ಓದಬೇಕಾದ ಮಾತೊಂದಿದೆ. ಶೇ. 25ರ ರಿಯಾಯಿತಿಯೂ ವಿದ್ಯಾರ್ಥಿ ವಿನಾಯಿತಿಯೂ ಪಬ್ಲಿಕ್ ಫಂಡ್ಸ್ (ವೀಸಾ ನಿಯಮ ಹೆಸರಿಸುವ ಸರ್ಕಾರಿ ನೆರವು) ಅಲ್ಲ, ಧೈರ್ಯವಾಗಿ ಕೇಳಿ. ಆದರೆ ಆದಾಯ ಕಡಿಮೆಯಿದ್ದವರಿಗೆ ಕೊಡುವ 'ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್' ಪಬ್ಲಿಕ್ ಫಂಡ್ಸ್. ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಎಂದಿರುವವರು ಅದಕ್ಕೆ ಅರ್ಜಿ ಹಾಕಿದರೆ ವೀಸಾ ಷರತ್ತು ಮುರಿದಂತೆ. ವೆಬ್‌ಸೈಟ್‌ನಲ್ಲಿ ಎರಡರ ಕೊಂಡಿಗಳೂ ಅಕ್ಕಪಕ್ಕದಲ್ಲೇ ಇರಬಹುದು, ಶೀರ್ಷಿಕೆ ಪೂರ್ತಿ ಓದಿಯೇ ಒತ್ತಿ.

ವಿದ್ಯಾರ್ಥಿಯ ಹೆಂಡತಿ ಅಥವಾ ಗಂಡ ಡಿಪೆಂಡೆಂಟ್ ವೀಸಾದಲ್ಲಿದ್ದರೆ ಅವರನ್ನು ವಿದ್ಯಾರ್ಥಿಯಲ್ಲದವರ ಲೆಕ್ಕಕ್ಕೆ ಸೇರಿಸಕೂಡದು. ಅವರು ಬ್ರಿಟಿಷ್ ಪ್ರಜೆಯಾಗಿರಬಾರದು, ವೀಸಾದಲ್ಲಿ ಕೆಲಸ ಅಥವಾ ಬೆನಿಫಿಟ್ಸ್ (ಸರ್ಕಾರಿ ನೆರವಿನ ಹಣ), ಎರಡರಲ್ಲಿ ಒಂದಕ್ಕಾದರೂ ನಿರ್ಬಂಧವಿರಬೇಕು. ಕೆಲಸಕ್ಕೆ ಹೋಗುತ್ತಿದ್ದರೂ ಬೆನಿಫಿಟ್ಸ್ ನಿರ್ಬಂಧವಿದ್ದರೆ ಸಾಕು. ಕೌನ್ಸಿಲ್ ಸಿಬ್ಬಂದಿ ಕೆಲವೊಮ್ಮೆ ಸಂಬಳದ ಚೀಟಿ ನೋಡಿ ಬಿಲ್ ಕಳಿಸಿಬಿಡುತ್ತಾರೆ. ಆಗ ಮದುವೆ ಸರ್ಟಿಫಿಕೇಟ್, ಇ-ವೀಸಾ ಷರತ್ತಿನ ಪುಟ, ವಿದ್ಯಾರ್ಥಿಯ ಸರ್ಟಿಫಿಕೇಟ್ ಮೂರನ್ನೂ ಒಟ್ಟಿಗೆ ಕಳಿಸಿ.

ಬಿಲ್ ತಪ್ಪೆನಿಸಿದರೂ ಕಂತು ನಿಲ್ಲಿಸಬೇಡಿ. ಕಂತು ತಪ್ಪಿದರೆ ಏಳು ದಿನದ ರಿಮೈಂಡರ್, ಅದೂ ತಪ್ಪಿದರೆ ವರ್ಷದ ಬಾಕಿ ಪೂರ್ತಿ ಒಮ್ಮೆಲೇ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್ ಮತ್ತು ಅದರ ಖರ್ಚು. ಕಟ್ಟುತ್ತಲೇ ಕೌನ್ಸಿಲ್‌ಗೆ ಲಿಖಿತ ತಕರಾರು ಕೊಡಿ. ಉತ್ತರಕ್ಕೆ ಅವರಿಗೆ ಎರಡು ತಿಂಗಳು. ಒಪ್ಪದಿದ್ದರೆ ಉತ್ತರ ಬಂದ ಎರಡು ತಿಂಗಳೊಳಗೆ, ಉತ್ತರವೇ ಬರದಿದ್ದರೆ ಮೊದಲ ಪತ್ರದಿಂದ ನಾಲ್ಕು ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕರಾರಿನ ಪ್ರತಿ, ಸರ್ಟಿಫಿಕೇಟ್‌ಗಳು, ಕಳಿಸಿದ ಪತ್ರಗಳ ದಿನಾಂಕ ನಿಮ್ಮ ಕೈಯಲ್ಲಿರಬೇಕು.