ಮಧ್ಯಾಹ್ನ ಮಾತ್ರ ಘಾಟು ಬರುತ್ತಿದ್ದ ಕಪಾಟು

ಒಂದೇ ಲಾಟಿನ ಪಾರ್ಟಿಕಲ್ ಬೋರ್ಡಿನಲ್ಲಿ ಎರಡು ಮನೆಗೆ ಬಟ್ಟೆ ಕಪಾಟು ಮಾಡಿಕೊಟ್ಟಿದ್ದೆ. ಒಂದು ಮನೆಯಿಂದ ಸದ್ದಿಲ್ಲ. ಇನ್ನೊಂದು ಮನೆಯವರು ಹದಿನೈದು ದಿನಕ್ಕೇ ಫೋನ್ ಮಾಡಿದರು: "ಬಾಗಿಲು ತೆಗೆದರೆ ಕಣ್ಣು ಉರಿಯುತ್ತೆ, ಏನು ಮಾಲು ಹಾಕಿದ್ದೀರಿ?" ಬೆಳಿಗ್ಗೆ ಹೋಗಿ ಮೂಸಿ ನೋಡಿದೆ, ಅಂಥದ್ದೇನೂ ಇಲ್ಲ. "ಈಗಲ್ಲ, ಮಧ್ಯಾಹ್ನ ಬಂದು ನೋಡಿ" ಅಂದರು. ಮೂರು ಗಂಟೆಗೆ ಹೋಗಿ ಬಾಗಿಲು ತೆಗೆದವನೇ ಎರಡು ಹೆಜ್ಜೆ ಹಿಂದಕ್ಕೆ ಬಂದೆ.

ಕಪಾಟು ಪಶ್ಚಿಮದ ಗೋಡೆಗೆ ಅಂಟಿಕೊಂಡಿತ್ತು. ಬಿಸಿಲಿಗೆ ಗೋಡೆ ಕಾದು, ಕಪಾಟಿನ ಬೆನ್ನೂ ಬೆಚ್ಚಗಾಗಿತ್ತು. ಒಳಗೆ ಮೀಟರ್ ಇಟ್ಟೆ: 34 ಡಿಗ್ರಿ, ತೇವಾಂಶ ಶೇ. 70. ಕೋಣೆಯ ಒಂದೇ ಕಿಟಕಿ ಮುಚ್ಚಿದೆ, ಪಕ್ಕದಲ್ಲೇ ಒದ್ದೆ ಬಟ್ಟೆಯ ಸ್ಟ್ಯಾಂಡ್. ಬೋರ್ಡಿನ ಮೇಲಿದ್ದ ಇ1 ಗುರುತು, ಅಂದರೆ ಪರೀಕ್ಷೆಯಲ್ಲಿ ಘಾಟಿನ ಅನಿಲ ಕಡಿಮೆ ಬಿಟ್ಟಿದೆ ಎಂಬ ದರ್ಜೆ, ಸುಳ್ಳಲ್ಲ. ಆದರೆ ಆ ಪರೀಕ್ಷೆ ನಡೆಯುವುದು 23 ಡಿಗ್ರಿ, ಶೇ. 45 ತೇವಾಂಶದಲ್ಲಿ, ಗಂಟೆಗೊಮ್ಮೆ ಪೂರ್ತಿ ಗಾಳಿ ಬದಲಾಗುವ ಪೆಟ್ಟಿಗೆಯಲ್ಲಿ. ಈ ಕೋಣೆಗೆ ಆ ಭಾಗ್ಯ ಇರಲಿಲ್ಲ.

ಪಾರ್ಟಿಕಲ್ ಬೋರ್ಡಿನ ಹೊಟ್ಟು-ಚಕ್ಕೆಯನ್ನು ಹಿಡಿದಿಡುವುದು ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ನೀರಿನ ಪಸೆ ತಗುಲಿದರೆ ಅದು ಚೂರುಚೂರೇ ಬಿಟ್ಟುಕೊಳ್ಳುತ್ತಾ ಫಾರ್ಮಾಲ್ಡಿಹೈಡ್ ಎಂಬ ಕಣ್ಣು ಉರಿಸುವ ಅನಿಲವನ್ನು ಗಾಳಿಗೆ ಬಿಡುತ್ತದೆ; ಶಾಖ ಸೇರಿದರೆ ಇನ್ನೂ ಬೇಗ. ಓದಿ ತಿಳಿದಿದ್ದೆ, ಆದರೂ ನನ್ನ ಮೂಗಿಗೇ ಖಾತ್ರಿಯಾಗಬೇಕಿತ್ತು.

ವರ್ಕ್‌ಶಾಪಿನಲ್ಲಿ ಆರು ಗಾಜಿನ ಬಾಟಲಿ ತಗೊಂಡೆ. ಪಾರ್ಟಿಕಲ್ ಬೋರ್ಡ್, ಹೋಲಿಸಿ ನೋಡಲು ಪೈನ್, ಓಕ್ ಮರ, ಎಲ್ಲದರ ಬೆರಳುದ್ದದ ತುಂಡು ಎರಡೆರಡು. ಪ್ರತಿ ಜೋಡಿಯಲ್ಲಿ ಒಂದು ಬಾಟಲಿಯ ಮುಚ್ಚಳಕ್ಕೆ ಒದ್ದೆ ಹತ್ತಿ ಅಂಟಿಸಿದೆ. ನೆರಳಲ್ಲಿ ಒಂದು ದಿನ, ಬಿಸಿಲಲ್ಲಿ ಒಂದು ದಿನ. ಬೋರ್ಡಿನದು ಒಣ ಬಾಟಲಿಯಲ್ಲಿ ಸುಮ್ಮನಿತ್ತು, ಒದ್ದೆ ಹತ್ತಿಯದು ಬಿಸಿಲಿಗೆ ಮುಚ್ಚಳ ತೆಗೆಯುತ್ತಲೇ ಮೂಗಿಗೆ ಹೊಡೆಯಿತು. ಪೈನ್ ನೀರಿಗಿಂತ ಬಿಸಿಗೇ ಹೆಚ್ಚು ಮಣಿಯಿತು, ಟರ್ಪೆಂಟೈನ್ ಡಬ್ಬಿ ತೆಗೆದ ಹಾಗೆ. ಅದು ರಾಳದಲ್ಲಿರುವ ಪೈನೀನ್, ತಾನಾಗಿಯೇ ಹಾರುವ ಜಾತಿ. ಗಾಳಿಯಾಡಿದರೆ ದಿನ ಕಳೆದಂತೆ ತಗ್ಗುತ್ತದೆ. ಆಮೇಲೂ ಹಳೆ ಎಣ್ಣೆಯ ಕಮಟು ಉಳಿದರೆ ಅದು ಹೆಕ್ಸನಾಲ್ ಇರಬೇಕು, ಮರದ ಕೊಬ್ಬಿನಂಶ ಗಾಳಿಗೆ ಕೆಟ್ಟು ಹುಟ್ಟುವಂಥದ್ದು. ಓಕ್ ಬಾಟಲಿಯಲ್ಲಿ ತೆಳುವಾದ ಹುಳಿ ವಾಸನೆ, ಅಂದರೆ ಅಸಿಟಿಕ್ ಆಮ್ಲ. ಓಕ್ ಡ್ರಾಯರಿನಲ್ಲಿ ಸೀಸದ ವಸ್ತು ಇಟ್ಟರೆ ಬೆಳ್ಳಗೆ ಪುಡಿಗಟ್ಟುವುದೂ ಇದರಿಂದಲೇ.

ಆ ಮನೆಯಲ್ಲಿ ಮೊದಲು ನಾನು ಹೇಳಿದ್ದು ಕೆಲಸಕ್ಕೆ ಬರಲಿಲ್ಲ. ಕಿಟಕಿ ತೆಗೆದಿಡಿ ಅಂದಿದ್ದೆ. ಅವರು ತೆಗೆದರು, ಕಪಾಟಿನ ಬಾಗಿಲು ಮಾತ್ರ ಮುಚ್ಚೇ ಇತ್ತು. ವಾರವಿಡೀ ಕೋಣೆಗೆ ಗಾಳಿ, ಕಪಾಟಿಗೆ ಇಲ್ಲ. ಆಮೇಲೆ ಬಾಗಿಲು, ಡ್ರಾಯರು ಎಲ್ಲ ತೆಗೆಸಿ, ಬಿಸಿಲೇರಿದ ಹೊತ್ತಿಗೆ ಫ್ಯಾನ್ ಹಚ್ಚಿಸಿದೆ. ಗೋಡೆಯಿಂದ ಮೂರು ಇಂಚು ಈಚೆ ಎಳೆದೆ. ಬಟ್ಟೆ ಸ್ಟ್ಯಾಂಡ್ ಹೊರಗೆ ಹೋಯಿತು. ಹಲಗೆ ಕೂರಿಸಲು ಸಾಲಾಗಿ ಕೊರೆದ ತೂತುಗಳನ್ನು, ಬೆನ್ನ ಹಲಗೆಯ ಬೆತ್ತಲೆ ಅಂಚನ್ನು ಟಾರ್ಚ್ ಹಿಡಿದು ನೋಡಿದೆ. ಮೇಲೆಲ್ಲ ಲ್ಯಾಮಿನೇಟ್ ಹೊದಿಸಿ, ಘಾಟು ಹೊರಬರುವ ಈ ದಾರಿಗಳನ್ನು ಹಾಗೇ ಬಿಟ್ಟಿದ್ದು ನಾನೇ. ಬೇಡದ ತೂತಿಗೆ ಬಿರಡೆ, ಅಂಚಿಗೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕಿದೆ.

ವಾಸನೆ ತಗ್ಗಿತೇ ಎಂದು ನೋಡುವಾಗ ಮೂಗನ್ನು ಪೂರ್ತಿ ನಂಬಬಾರದು, ಕೆಲವೇ ನಿಮಿಷಕ್ಕೆ ಅದು ಒಗ್ಗಿಬಿಡುತ್ತದೆ. ಹೊರಗೆ ಸುತ್ತಾಡಿ ಬಂದು ಮೊದಲ ಉಸಿರಿಗೆ ಸಿಕ್ಕಿದ್ದಷ್ಟೇ ಲೆಕ್ಕ.

ತಿಂಗಳ ನಂತರ, ಅದೇ ಮೂರು ಗಂಟೆಗೆ, ಕಪಾಟಿನಲ್ಲಿ ಹೆಚ್ಚೇನೂ ಇರಲಿಲ್ಲ. "ಆದರೂ ಕಂಬಳಿ ವಾಸನೆ ಬರುತ್ತಲ್ಲ" ಅಂದರು. ನಿಜ, ಅಷ್ಟು ದಿನ ಒಳಗಿದ್ದ ಉಣ್ಣೆ ಘಾಟನ್ನು ಹೀರಿಕೊಂಡು ಈಗ ಹೊರಬಿಡುತ್ತಿತ್ತು. ಎರಡು ಸಲ ಒಗೆದು ಹೊರಗೆ ಹರವಿದ ಮೇಲೆ ಅದೂ ಹೋಯಿತು.