ಅಂಗಳಕ್ಕೆ ನುಗ್ಗುವ ಮಳೆನೀರಿಗೆ ದಾರಿ ಮಾಡುವುದು ಹೇಗೆ?

ನೂರು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರಾಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದ್ದು ಭಾರಿ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರಿ ಮಳೆ. ಅಂಥ ದಿನ ಕಾರವಾರದ ಒಂದು ಸಾಧಾರಣ ಮನೆಯ ಚಾವಣಿಯೊಂದೇ ಇಪ್ಪತ್ತು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಅಂಗಳಕ್ಕೆ ಇಳಿಸುತ್ತದೆ. ಈ ಕರಾವಳಿ ಅಂಥ ಮಳೆಯನ್ನು ಮೊದಲಿನಿಂದಲೂ ಕಂಡಿದೆ. ಆದರೆ ಆಗ ಆ ನೀರನ್ನು ಹೊತ್ತು ನಿಲ್ಲಲು ತಗ್ಗಿನ ಗದ್ದೆಗಳೂ ಗಜನಿಗಳೂ (ಉಬ್ಬರದ ಉಪ್ಪುನೀರು ಬರುವ ನದೀಮುಖದ ಗದ್ದೆಗಳು) ಇದ್ದವು. ಅವುಗಳಲ್ಲಿ ಎಷ್ಟೋ ಇಂದು ಮಣ್ಣು ತುಂಬಿಸಿಕೊಂಡು ನಿವೇಶನಗಳಾಗಿವೆ, ಅಂಗಳಗಳಿಗೆ ಕಾಂಕ್ರೀಟ್ ಬಿದ್ದಿದೆ, ಗಟಾರಗಳು ಗೇಟಿಗೊಂದರಂತೆ ಹಾಕಿದ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಂಡಿವೆ.

ಕೆಲಸ ಶುರುವಾಗಬೇಕಾದದ್ದು ಗುದ್ದಲಿಯಿಂದಲ್ಲ, ನೋಡುವುದರಿಂದ. ಮಳೆ ಜೋರಾಗಿರುವಾಗಲೇ ಕೊಡೆ ಹಿಡಿದು ಹೊರಗೆ ಬಂದು, ನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಗೀಚಿಕೊಳ್ಳಿ; ನಿಂತ ನೀರಿನ ಎತ್ತರವನ್ನು ಗೋಡೆಯ ಮೇಲೆ ದಿನಾಂಕ, ಸಮಯದೊಂದಿಗೆ ಗುರುತು ಮಾಡಿ. ಕಾರವಾರದ ಕೋಡಿಬಾಗ, ಬೈತ್ಕೋಲದಂಥ ದಂಡೆಯ ಭಾಗಗಳಲ್ಲಿ ಸಮಯವನ್ನು ಬರೆದಿಡುವುದು ಬಹಳ ಮುಖ್ಯ, ಏಕೆಂದರೆ ಅಲ್ಲಿ ಗಟಾರದ ಕೊನೆ ಸಮುದ್ರದಲ್ಲೋ ಕಾಳಿ ನದಿಯಲ್ಲೋ ಇರುತ್ತದೆ. ದಿನಕ್ಕೆ ಎರಡು ಬಾರಿ ಬರುವ ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಹೆಚ್ಚು ಎತ್ತರಕ್ಕೆ ಏರುತ್ತದೆ. ಆ ಹೊತ್ತಿನಲ್ಲಿ ಗಟಾರದ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದರೆ, ಗಟಾರ ಎಷ್ಟೇ ಸ್ವಚ್ಛವಾಗಿದ್ದರೂ ನೀರು ಮುಂದೆ ಸಾಗುವುದಿಲ್ಲ.

ಈ ಗುರುತುಗಳನ್ನು ಉಬ್ಬರದ ವೇಳಾಪಟ್ಟಿಯೊಂದಿಗೆ ಹೋಲಿಸಿದರೆ ರೋಗ ಯಾವುದೆಂದು ತಿಳಿಯುತ್ತದೆ. ಉಬ್ಬರದಲ್ಲಿ ನಿಂತ ನೀರು ಇಳಿತದಲ್ಲಿ ತಾನಾಗಿ ಹೋದರೆ ತೊಂದರೆ ಇರುವುದು ಗಟಾರದ ಬಾಯಿಯಲ್ಲಿ. ಅಲ್ಲಿ ಹೊರಗಿನ ನೀರು ಒತ್ತಿದಾಗ ಮುಚ್ಚಿ, ಒಳಗಿನ ನೀರು ಒತ್ತಿದಾಗ ತೆರೆಯುವ ಬಾಗಿಲು ಬೇಕು. ಅಘನಾಶಿನಿಯ ಗಜನಿ ರೈತರು ಒಡ್ಡಿಗೆ ಜಂತ್ರಡಿ ಎಂಬ ತೂಬಿನ ಬಾಗಿಲು ಕೂರಿಸಿ, ಉಪ್ಪುನೀರನ್ನು ತಡೆದು ಸಿಹಿನೀರನ್ನು ಇಳಿತದಲ್ಲಿ ಹೊರಬಿಡುವುದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ನಮ್ಮ ಪೇಟೆಗಳು ಆ ತಿಳಿವಳಿಕೆಯನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ. ಇಳಿತದಲ್ಲೂ ನೀರು ಕದಲದಿದ್ದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ ಎಂದೇ ಅರ್ಥ.

ಕಟ್ಟಿಕೊಂಡದ್ದನ್ನು ಬಿಡಿಸುವಾಗ ಕೆಳಗಿನಿಂದ ಮೇಲಕ್ಕೆ ಬರಬೇಕು. ಮೇಲಿನ ಗಟಾರವನ್ನು ಮೊದಲು ಅಗಲಮಾಡಿದರೆ ನೀರು ವೇಗವಾಗಿ ಇಳಿದು ಕೆಳಗಿನ ಮನೆಯವರ ಅಂಗಳವನ್ನು ಮುಳುಗಿಸುತ್ತದೆ. ಬೀದಿಯ ಜಗಳಗಳಲ್ಲಿ ಎಷ್ಟೋ ಇಲ್ಲಿಯೇ ಹುಟ್ಟುತ್ತವೆ. ಆದ್ದರಿಂದ ಬೀದಿಯವರೆಲ್ಲ ಸೇರಿ, ಮೇ ತಿಂಗಳಲ್ಲಿ, ಮೃಗಶಿರೆ ಮಳೆ ಹಿಡಿಯುವ ಮುನ್ನ, ಗಟಾರದ ಬಾಯಿಯಿಂದ ಆರಂಭಿಸಿ ಹೂಳೆತ್ತುತ್ತ ಮೇಲೆ ಬರಬೇಕು. ಎತ್ತಿದ ಹೂಳನ್ನು ಅಂಚಿನಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೇ ಅದು ಮತ್ತೆ ಒಳಗೆ ಸೇರುತ್ತದೆ. ಅದೇ ದಿನ ಸಾಗಿಸುವ ವ್ಯವಸ್ಥೆ ಇಲ್ಲದಿದ್ದರೆ ಕೆಲಸವನ್ನೇ ಒಂದು ದಿನ ಮುಂದೂಡುವುದು ಒಳ್ಳೆಯದು.

ಇದರಲ್ಲಿ ಅತಿ ಹೆಚ್ಚು ಗಮನ ಬೇಡುವುದು ಗೇಟಿನೆದುರಿನ ಕೊಳವೆ. ಎರಡು ಅಡಿ ಅಗಲದ ಗಟಾರಕ್ಕೆ ಒಂದು ಅಡಿಯ ಸಿಮೆಂಟ್ ಕೊಳವೆ ಹಾಕಿ ಮೇಲೆ ಮಣ್ಣು ಮುಚ್ಚಿದರೆ ನೀರಿನ ದಾರಿ ಅರ್ಧವಾಯಿತೆಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ, ಒಂದೇ ಇಳಿಜಾರಿನಲ್ಲಿ ಕೊಳವೆಯ ವ್ಯಾಸ ಎರಡು ಪಟ್ಟಾದರೆ ಅದು ಒಯ್ಯುವ ನೀರು ಸುಮಾರು ಆರು ಪಟ್ಟಾಗುತ್ತದೆ. ಹಾಗಾಗಿ ಒಂದು ಅಡಿಯ ಎರಡು ಕೊಳವೆಗಳನ್ನು ಜೋಡಿಸಿಟ್ಟರೂ ಎರಡು ಅಡಿಯ ಒಂದು ಕೊಳವೆಗೆ ಸಮನಾಗುವುದಿಲ್ಲ. ಕೊಳವೆಯ ಬದಲು ಗಟಾರದ ಪೂರ್ತಿ ಅಗಲಕ್ಕೆ ಎತ್ತಿ ತೆಗೆಯಬಹುದಾದ ಸ್ಲ್ಯಾಬ್ ಹಾಕಿ. ತಳದ ಇಳಿಜಾರು ನೂರು ಅಡಿಗೆ ಒಂದು ಅಡಿಯಷ್ಟಿದ್ದರೆ ಹೂಳು ಕಡಿಮೆ ಕೂರುತ್ತದೆ. ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ಅದನ್ನು ನೀವೇ ಅಳೆಯಬಹುದು.

ಕೆಳಗಿನ ದಾರಿ ತೆರೆದ ಮೇಲೆ ಚಾವಣಿಯ ನೀರಿನ ಕಡೆಗೆ ಬನ್ನಿ. ಗಂಟೆಗೆ 75 ಮಿಲಿಮೀಟರ್ ರಭಸದ ಮಳೆಗೆ ನಾಲ್ಕು ಅಂಗುಲದ ಒಂದು ಪೈಪು ಸುಮಾರು 55 ಚದರ ಮೀಟರ್ ಚಾವಣಿಯನ್ನು ಮಾತ್ರ ನಿಭಾಯಿಸುತ್ತದೆ. ಹಾಗಾಗಿ ನೂರು ಚದರ ಮೀಟರಿಗೆ ಅಂಥ ಎರಡು ಪೈಪುಗಳು ಬೇಕು. ಈ ನೀರನ್ನು ಒಳಚರಂಡಿಯ ಚೇಂಬರಿಗೆ ಎಂದಿಗೂ ಸೇರಿಸಬೇಡಿ. ಹಾಗೆ ಮಾಡಿದರೆ ಮ್ಯಾನ್‌ಹೋಲ್ ಉಕ್ಕಿ ಶೌಚದ ನೀರು ಬೀದಿಗೂ ಪಕ್ಕದ ಬಾವಿಗೂ ಹರಡುತ್ತದೆ.

ಇಂಗುಗುಂಡಿಯ ವಿಷಯದಲ್ಲಿ ಎಲ್ಲ ಊರಿಗೂ ಒಂದೇ ಸಲಹೆ ಕೊಡುವುದು ತಪ್ಪು. ಸಮುದ್ರದಂಡೆಯ ಮರಳುಭೂಮಿ ಬೇಸಿಗೆಯಲ್ಲಿ ನೀರನ್ನು ಬೇಗ ಹೀರುತ್ತದೆ ನಿಜ, ಆದರೆ ಜುಲೈ ಹೊತ್ತಿಗೆ ಅಂತರ್ಜಲ ನೆಲದ ಹತ್ತಿರಕ್ಕೆ ಬಂದಿರುವುದರಿಂದ ಗುಂಡಿ ಕೆಳಗಿನಿಂದಲೇ ತುಂಬಿರುತ್ತದೆ. ಮಳೆಗಾಲದ ನಡುವೆ ಮೂರು ಅಡಿ ಗುಂಡಿ ತೋಡಿ ನೋಡಿ: ನೀರು ಕಾಣಿಸಿಕೊಂಡರೆ ಅಲ್ಲಿ ಇಂಗುಗುಂಡಿಗೆ ಖರ್ಚು ಮಾಡಬೇಡಿ, ಗಟಾರವನ್ನೇ ಸರಿಪಡಿಸಿ. ಘಟ್ಟದ ಮೇಲಿನ ಶಿರಸಿಯಲ್ಲಿ, ಸಮತಟ್ಟಾದ ಜಾಗದಲ್ಲಿ, ಗುಂಡಿಗೆ ಸುರಿದ ಬಿಂದಿಗೆ ನೀರು ಬೇಗ ಇಂಗಿದರೆ ಧಾರಾಳವಾಗಿ ಮಾಡಿ. ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆದು ಅನುಭವವಿರುವವರಿಗೆ ನೆಲದ ಗುಣ ಹೇಳಿಕೊಡಬೇಕಾಗಿಲ್ಲ.

ಗುಡ್ಡದ ಬುಡದ ಮನೆಗಳಲ್ಲಿ ಮಾತ್ರ ಇಂಗಿಸುವ ಯೋಚನೆಯನ್ನೇ ಬಿಡಬೇಕು. ನಮ್ಮ ಚಿರೇಕಲ್ಲಿನ ಪದರದ ಕೆಳಗೆ ಅನೇಕ ಕಡೆ ಶೇಡಿ ಮಣ್ಣು, ಅಂದರೆ ಮೆದುವಾದ ಜೇಡಿಮಣ್ಣು, ಇದೆ. ನೀರು ಕುಡಿದ ಶೇಡಿ ಮಣ್ಣು ಮೇಲಿನ ಭಾರವನ್ನು ಹೊರಲಾರದು. 2009ರ ಅಕ್ಟೋಬರಿನಲ್ಲಿ ಕಡವಾಡದ ಝರಿವಾಡದಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಈ ಜಿಲ್ಲೆ ಕಂಡಿದೆ. ಕಡಿದ ಧರೆಯ (ಗುಡ್ಡದ ಕಡಿದಾದ ಬದಿಯ) ಮೇಲ್ಭಾಗದಲ್ಲಿ ನೀರು ಇಂಗದಂತೆ ಕಲ್ಲು ಕಟ್ಟಿದ ಕಾಲುವೆ ಮಾಡಿ, ನೀರನ್ನು ಅಡ್ಡಕ್ಕೆ ಒಯ್ದು ಸಹಜ ಹಳ್ಳಕ್ಕೆ ಬಿಡಬೇಕು. ಧರೆಗೆ ಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಬಸಿಯುವ ತೂತುಗಳು ಇರಲೇಬೇಕು. ಹೊಸ ಬಿರುಕು, ಕೆಂಪಗೆ ಕದಡಿದ ಒರತೆ, ವಾಲುತ್ತಿರುವ ಮರ ಕಂಡರೆ ರಾತ್ರಿಯಾದರೂ ಮನೆ ಬಿಟ್ಟು ಹೊರಡಿ.

ಅಂಗಳಕ್ಕೆ ಇಂಟರ್‌ಲಾಕ್ ಬೇಕೇ ಬೇಕೆಂದಿದ್ದರೆ ಕೆಳಗೆ ಕಾಂಕ್ರೀಟಿನ ಬದಲು ಜಲ್ಲಿ, ಮರಳು ಹಾಸಿ.

ಮೋರಿ ಅಗಲಿಸುವುದು, ಗಟಾರದ ಬಾಯಿಗೆ ಬಾಗಿಲು ಕೂರಿಸುವುದು ನಗರಸಭೆಯ ಕೆಲಸ. ಮಳೆಗಾಲ ಮುಗಿದ ಕೂಡಲೇ, ಗೋಡೆಯ ಗುರುತುಗಳ ಫೋಟೊ ಮತ್ತು ನೀರು ನಿಂತ ಸಮಯಗಳ ಪಟ್ಟಿಯೊಂದಿಗೆ ಬೀದಿಯವರೆಲ್ಲ ಸಹಿ ಮಾಡಿದ ಒಂದೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೇ ತಿಂಗಳಲ್ಲಿ ಕೊಟ್ಟ ಅರ್ಜಿಗೆ ಆ ವರ್ಷ ಕೆಲಸವಾಗುವುದು ಕಷ್ಟ.

ಇಷ್ಟೆಲ್ಲ ಮಾಡಿಯೂ ನೀರು ಹೊಸ್ತಿಲಿಗೆ ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ. ಅದರ ಹತ್ತಿರವೇ ನೀರು ನಿಂತಿದ್ದರೆ ಮುಟ್ಟದೆ 1912ಕ್ಕೆ ಕರೆಮಾಡಿ ಹೆಸ್ಕಾಂಗೆ ತಿಳಿಸಿ. ಜಿಲ್ಲಾ ತುರ್ತು ಸಹಾಯವಾಣಿ 1077. ಮರಳಿನ ಚೀಲಗಳನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಇಟ್ಟಿಗೆ ಕಟ್ಟುವಂತೆ ಸಂದು ಮುಚ್ಚಿ ಜೋಡಿಸಿ. ನಿಂತ ನೀರಿನಲ್ಲಿ ನಡೆದವರಿಗೆ ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಅದು ಇಲಿಜ್ವರವಾಗಿರಬಹುದು. ನೀರಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ನೀರು ನುಗ್ಗಿದ ಬಾವಿಯ ನೀರನ್ನೆಲ್ಲ ಎತ್ತಿ ಹೊರಹಾಕಿ ಸ್ವಚ್ಛಮಾಡಿ, ಆರೋಗ್ಯ ಇಲಾಖೆಯವರು ಹೇಳಿದ ಪ್ರಮಾಣದಲ್ಲಿ ಬ್ಲೀಚಿಂಗ್ ಪುಡಿ ಹಾಕುವವರೆಗೆ ಅದರ ನೀರನ್ನು ಕುಡಿಯಬೇಡಿ.